ಸಂಕಮ್ಮನ ಸಾಲನ್ನು ಆಲಿಸುವ ಬಗೆ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ಕೊಳ್ಳೇಗಾಲವು ಮೈಸೂರನ್ನು ಸೇರಿ, ತಾಳವಾಡಿಯ ಬೆಟ್ಟಸೀಮೆಯು ಮದರಾಸಿನಲ್ಲಿಯೇ ಉಳಿದುಹೋಯಿತಾದರೂ, ಈ ಎರಡು ಕಡೆಯ ಕಾಡಿನ ಬುಡಕಟ್ಟಾದ ಸೋಲಿಗರನ್ನೂ ಒಂದೇ ಮನೆತನವಾಗಿ ಹಿಡಿದಿರಿಸಿರುವುದು ಮಲೆಯ ಮಾದಪ್ಪನೆಂಬ ದೈವದ ಕಥೆ. ಪಿತೃತ್ವ, ಕುಲ, ವಂಶಸ್ಮೃತಿಗಳನ್ನು ಕುರಿತ ಕಥನದ ರುಚಿಯನ್ನು ಅರಿಯಲೆಳಸುವವರು ಮೊದಲು ಕೇಳತಕ್ಕದ್ದು, ಕಂಸಾಳೆಯ ತಾಳ ಹಿಡಿದ ಭಕ್ತಗಾಯಕರಾದ ದೇವರಗುಡ್ಡರು ಹಾಡುವ ಆ ಮಹಾಕಾವ್ಯದ ಸಂಕಮ್ಮನ ಸಾಲನ್ನು, ಎಂದರೆ ಅವಳ ಕಥಾಭಾಗವನ್ನು.

ಸೋಲಿಗರ ನೀಲೇಗೌಡನು ಕಾಡಿಗೆ ಹೊರಡುವ ಮುನ್ನ ಮಡದಿ ಸಂಕಮ್ಮನಿಂದ ಪಾತಿವ್ರತ್ಯದ ಭಾಷೆಯನ್ನು ಬೇಡುತ್ತಾನೆ, ಅವಳು ಕೊಡಲೊಲ್ಲಳು. ಅವಳನ್ನು ಹಿಂಸಿಸಿ, ಬಂಧನದಲ್ಲಿಟ್ಟು ಅವನು ತೆರಳಿದ ಬಳಿಕ, ಮಾದಪ್ಪನ ವರದಿಂದ ಆ ಬಂಜೆಯ ಬಸಿರಲ್ಲಿ ಕಾರಯ್ಯ ಬಿಲ್ಲಯ್ಯರು ಮೂಡುತ್ತಾರೆ. ಮರಳಿದ ಗಂಡನ ಕಣ್ಣಿನಲ್ಲಿರುವುದು ಸಂಶಯವೊಂದೇ. ಮುಂದಿನ ವಿವರಗಳು ಮೇಳದಿಂದ ಮೇಳಕ್ಕೆ ಭಿನ್ನವಾಗುವುವು. ಯಾವ ಪಾಠವು ಶುದ್ಧವೆಂದು ವಿಚಾರಿಸುತ್ತ ಕೂರುವುದು ರಸಿಕನ ಕೆಲಸವಲ್ಲ. ಮುಖ್ಯ ಗಾಯಕನು ಹಾಡಿನಿಂದ ಮಾತಿಗಿಳಿದು, ಮಾತಿನಿಂದ ಮತ್ತೆ ಹಾಡಿಗೇರುವ ಎಡೆಯನ್ನೂ, ಹಿಮ್ಮೇಳವು ಅದೇ ಸೊಲ್ಲನ್ನು ಎತ್ತಿಹಿಡಿಯುವಾಗ ಸಂಕಮ್ಮನ ನಿರಾಕರಣೆಯು ಒಬ್ಬಳದಾಗಿ ಉಳಿಯದೆ ಹಲವರ ಕಂಠದಿಂದ ಹೊಮ್ಮುವುದನ್ನೂ ಗಮನಿಸಿರಿ. ತಂದೆ ಯಾರೆಂಬುದು ಇಲ್ಲಿ ಕೇಳುಗನ ಪ್ರಶ್ನೆಯಲ್ಲ, ಅದು ನೀಲೇಗೌಡನ ಪ್ರಶ್ನೆ. ಪ್ರಮಾಣವನ್ನು ಕೇಳುವ ಅಧಿಕಾರವು ಅವನಿಗೆಲ್ಲಿಂದ ಬಂತೆಂಬುದೇ ಕಾವ್ಯದ ಪ್ರಶ್ನೆಯೆಂದು ನನ್ನ ನಂಬುಗೆ. ಕಾರಯ್ಯನನ್ನು ತಮ್ಮ ಮೂಲಪುರುಷನೆಂದೇ ಭಾವಿಸುವ ಸೋಲಿಗರಿಗಾದರೋ ಇದು ಪರರ ಕಥೆಯಲ್ಲ, ಹೆತ್ತತಾಯಿಯೊಬ್ಬಳಿಗೆ ತಮ್ಮ ಮನೆಯಲ್ಲಿಯೇ ನಡೆದ ಅನ್ಯಾಯ.

ಇದನ್ನು ಕೇಳಿದ ಕಿವಿಯಿಂದಲೇ, 2004ರಲ್ಲಿ ಪ್ರಕಟವಾದ ಸ. ಬಾಲಮುರುಗನ್ ಅವರ ತಮಿಳು ಕಾದಂಬರಿ ‘ಸೋಳಗರ್ ತೊಟ್ಟಿ’ಯನ್ನು ಸಮೀಪಿಸಬೇಕು. ಕಾಡುಗಳ್ಳ ವೀರಪ್ಪನ್ ಬೇಟೆಯ ಕಾಲದಲ್ಲಿ ಇದೇ ಕಾಡಿನ ಸೋಲಿಗರು ಪೊಲೀಸರ ಕೈಯಲ್ಲಿ ಅನುಭವಿಸಿದ ಯಾತನೆಯು ಅದರ ಉತ್ತರಾರ್ಧದ ವಸ್ತು: ಸಂಕಮ್ಮನಿಂದ ಗಂಡನು ಕೇಳಿದ ಪ್ರಮಾಣವನ್ನು ಅಲ್ಲಿ ಪ್ರಭುತ್ವವು ಇಡೀ ಕುಲದ ದೇಹದಿಂದ ಕೇಳುತ್ತದೆ. ಆದರೂ ಆ ಭಾಗಕ್ಕೆ ಧಾವಿಸಬೇಡಿರಿ. ಹೊಲ, ಕಾಡು, ದೈವ, ಹಿರಿಯರಿಂದ ಕಿರಿಯರಿಗೆ ಸಂದ ಬಾಳು ಇವುಗಳಿಂದ ತುಂಬಿದ ಪೂರ್ವಾರ್ಧವನ್ನು ನಿಧಾನವಾಗಿ ಓದಿರಿ. ತೊಟ್ಟಿಯ, ಎಂದರೆ ಆ ಹಾಡಿಯ, ಜನರನ್ನು ಮಕ್ಕಳು, ತಂದೆ, ತಾಯಿ ಎಂದು ಅರಿತಿರದವನಿಗೆ ಉತ್ತರಾರ್ಧವು ಬರಿಯ ವರದಿಯಾಗಿ ತೋರೀತು.