ಒಡೆಯದ 214 ಕೋಟಿ

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಅಂಕಿಯಲ್ಲಿ 2,14,74,83,647. ಹೀಗೆ ಬರೆದಾಗ ಚೆಲುವೇನೂ ಕಾಣದ ಈ ಸಂಖ್ಯೆ ದ್ವಿಮಾನ ಪದ್ಧತಿಗೆ ಬಂದೊಡನೆ ಬೆರಗು ಹುಟ್ಟಿಸುತ್ತದೆ: ಸಾಲಾಗಿ 31 ಒಂದುಗಳು, ನಡುವೆ ಒಂದೂ ಸೊನ್ನೆಯಿಲ್ಲ. 31 ಎರಡುಗಳ ಗುಣಲಬ್ಧದಲ್ಲಿ ಒಂದು ಕಳೆದರೆ ಸಿಗುವುದು ಇದೇ. ಆ 31 ಕೂಡ ಅದೇ ಕುಲದ್ದು. ಐದು ಎರಡುಗಳ ಗುಣಲಬ್ಧ 32ರಲ್ಲಿ ಒಂದು ಕಳೆದು ಬಂದದ್ದು.

ಈ ಕುಲದ ಅವಿಭಾಜ್ಯಗಳು ಫ್ರಾನ್ಸಿನ ಪಾದ್ರಿ ಮರ್ಸೆನ್ ಹೆಸರಿನಲ್ಲಿವೆ. ಇಂಥ ಅವಿಭಾಜ್ಯ ಕೊಡುತ್ತವೆಂದು ಆತ 1644ರಲ್ಲಿ ಕೊಟ್ಟ ಘಾತಗಳ, ಅಂದರೆ ಗುಣಿಸುವ ಎರಡುಗಳ ಎಣಿಕೆಗಳ, ಪಟ್ಟಿಯಲ್ಲಿ 67 ಮತ್ತು 257 ತಪ್ಪೆಂದು ಆಮೇಲೆ ತಿಳಿಯಿತು. 31 ಗಟ್ಟಿಯಾಗಿ ನಿಂತಿತು. 31ರ ಘಾತದ ನಮ್ಮ ಸಂಖ್ಯೆ ಅವಿಭಾಜ್ಯವೆಂದು 1772ರಲ್ಲಿ ಸಾಧಿಸಿದವನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಲಿಯೊನಾರ್ಡ್ ಆಯ್ಲರ್. ಆಗ ಅವನ ದೃಷ್ಟಿ ಬಹುಪಾಲು ಹೋಗಿತ್ತು.

ಆಯ್ಲರ್ ಸಾಧನೆಯ ಸೊಗಸಿರುವುದು ಅವನು ಮಾಡಿದ ಲೆಕ್ಕದಲ್ಲಲ್ಲ, ಮಾಡದೆ ಬಿಟ್ಟ ಲೆಕ್ಕದಲ್ಲಿ. ಈ ಸಂಖ್ಯೆಯ ವರ್ಗಮೂಲ 46,340ಕ್ಕಿಂತ ತುಸು ಹೆಚ್ಚು. ಅಷ್ಟರೊಳಗಿನ ಅವಿಭಾಜ್ಯಗಳು ನಾಲ್ಕು ಸಾವಿರ ದಾಟುತ್ತವೆ. ಒಂದೊಂದರಿಂದಲೂ ಭಾಗಿಸುತ್ತ ಕೂತರೆ ತಿಂಗಳುಗಳೇ ಬೇಕು. ಆದರೆ ಇದಕ್ಕೆ ಭಾಜಕವೊಂದು ಇದ್ದರೆ ಅದನ್ನು 62ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು. 8ರಿಂದ ಭಾಗಿಸಿದರೆ ಶೇಷ 1 ಅಥವಾ 7. ಎರಡೂ ಷರತ್ತು ಕೂಡಿಸಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಸುವ ಸಂಖ್ಯೆಗಳನ್ನಷ್ಟೇ ನೋಡಿದರೆ ಸಾಕು. ಅವು ನಾನೂರೂ ಇಲ್ಲ, ಅವುಗಳಲ್ಲೂ ಬಹಳಷ್ಟು ಅವಿಭಾಜ್ಯಗಳಲ್ಲದ್ದರಿಂದ ಕಳಚಿಹೋಗುತ್ತವೆ. ಉಳಿದ ಯಾವುದೂ ಇದನ್ನು ಒಡೆಯಲಿಲ್ಲ. ಗಣಿತದಲ್ಲಿ ವರ್ಗೀಕರಣ ಎಂಥ ಬಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಅಪರೂಪ.

19ನೇ ಶತಮಾನದ ಮಧ್ಯದವರೆಗೂ ತಿಳಿದಿದ್ದ ಅತಿದೊಡ್ಡ ಅವಿಭಾಜ್ಯ ಇದೇ. ಇದರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗೆ, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮನಾದ ಸಂಖ್ಯೆಗೆ, 19 ಅಂಕಿ. ಅದಕ್ಕಿಂತ ದೊಡ್ಡದು ಎಂದೂ ಸಿಗದೆಂದು ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಬರೆದಿದ್ದ. 1876ರಲ್ಲಿ ಎಡ್ವಾರ್ ಲ್ಯೂಕಾ 127ರ ಘಾತವನ್ನು ಗೆದ್ದು ಆ ಮಾತನ್ನು ಸುಳ್ಳಾಗಿಸಿದ.

ಕಂಪ್ಯೂಟರಿನಲ್ಲೂ ಇದು ಗಡಿಕಲ್ಲು. 32 ಬಿಟ್‌ಗಳಲ್ಲಿ ಒಂದನ್ನು ಧನ-ಋಣ ಚಿಹ್ನೆಗೆ ಬಿಟ್ಟರೆ ಉಳಿದವು ಹಿಡಿಯುವ ಗರಿಷ್ಠ ಸಂಖ್ಯೆ ಇದೇ. 1970ರಿಂದ ಸೆಕೆಂಡು ಎಣಿಸುತ್ತಿರುವ ಹಳೆಯ 32 ಬಿಟ್ ಗಡಿಯಾರಗಳು 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಗಡಿ ಮುಟ್ಟುತ್ತವೆ.

ಆಯ್ಲರನ ದಾರಿಯನ್ನು ಓದುಗರು ಕಾಗದದ ಮೇಲೇ ನಡೆದು ನೋಡಬಹುದು. 17ರ ಘಾತದ 1,31,071 ತೆಗೆದುಕೊಳ್ಳಿ. 62ರ ಬದಲು 34 ಇಟ್ಟುಕೊಂಡು ಅದೇ ಷರತ್ತು ಹಾಕಿದರೆ, ವರ್ಗಮೂಲದೊಳಗಿನ 72 ಅವಿಭಾಜ್ಯಗಳಲ್ಲಿ ಉಳಿಯುವುದು ಮೂರೇ: 103, 137, 239. ಮೂರು ಭಾಗಾಕಾರ ಮಾಡಿ, ಶೇಷ ನೋಡಿಕೊಳ್ಳಿ.