ಬೈಗುಳದ ಶಾಲೆ, ವೇಷದ ಜಾತ್ರೆ: ಲೈಂಗಿಕ ಅಲ್ಪಸಂಖ್ಯಾತರ ಬಾಲ್ಯಕಥನಗಳ ಒಂದು ಓದು

ಜೋಗಪ್ಪ-ಜೋಗತಿಯರ ಕುರಿತು ಕನ್ನಡ ಜಾನಪದ ಅಧ್ಯಯನದಲ್ಲಿ ನಡೆದಿರುವ ಕೆಲಸ ಕಡಿಮೆಯದಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡ, ಹುಲಿಗಿಯ ಹುಲಿಗೆಮ್ಮನ ಸನ್ನಿಧಿ, ಮುತ್ತು ಕಟ್ಟುವ ಆಚರಣೆ, ಚೌಡಿಕೆ ಪದ, ಕೊಡ ಹೊತ್ತು ಕುಣಿಯುವ ಕಲೆ ಇವೆಲ್ಲ ಮತ್ತೆ ಮತ್ತೆ ದಾಖಲಾಗಿವೆ. ಆದರೆ ಈ ಬರಹಗಳಲ್ಲಿ ವ್ಯಕ್ತಿಯ ಕಥೆ ಸಾಮಾನ್ಯವಾಗಿ ಆರಂಭವಾಗುವುದು ಮೈಮೇಲೆ ದೇವಿ ಬಂದ ದಿನದಿಂದ. ಅದಕ್ಕೂ ಹಿಂದೆ ಆ ಮಗು ಶಾಲೆಯಲ್ಲಿ ಕಳೆದ ವರ್ಷಗಳನ್ನು ನಮ್ಮ ವಿದ್ವತ್ತು ಲೆಕ್ಕಕ್ಕೆ ತೆಗೆದುಕೊಂಡದ್ದು ತೀರ ಅಪರೂಪ.

ಈ ಕೊರತೆಯನ್ನು ಎತ್ತಿ ತೋರಿಸುವುದು ಸಂಶೋಧನ ಗ್ರಂಥಗಳಲ್ಲ, ಆತ್ಮಕಥನಗಳು. ತಮಿಳುನಾಡಿನ ನಾಮಕ್ಕಲ್ ಸೀಮೆಯ ಎ. ರೇವತಿಯವರ ಆತ್ಮಕಥೆ 2010ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು; ದು. ಸರಸ್ವತಿಯವರ ಅನುವಾದದಲ್ಲಿ 'ಬದುಕು ಬಯಲು' ಎಂದು ಕನ್ನಡಕ್ಕೆ ಬಂದು, ಹೆಗ್ಗೋಡಿನ ಜನಮನದಾಟ ತಂಡದ ರಂಗಪ್ರಯೋಗದ ಮೂಲಕ ಪುಸ್ತಕ ಓದದವರನ್ನೂ ತಲುಪಿತು. ಇದರ ಆರಂಭದ ಪುಟಗಳಲ್ಲಿ ಎರಡು ಚಿತ್ರಗಳು ಅಕ್ಕಪಕ್ಕ ಬರುತ್ತವೆ. ಒಂದು ಕಡೆ ಶಾಲೆಯಿದೆ. ಅಲ್ಲಿ 'ಅಲಿ', 'ಒಂಬತ್ತು' ಎಂಬ ಕೂಗುಗಳಿವೆ. ಗಂಡುಹುಡುಗನಂತೆ ನಡೆದುಕೊಳ್ಳದ್ದಕ್ಕೆ ಶಿಕ್ಷಕರ ಬೆತ್ತವೂ ಇದೆ. ಇನ್ನೊಂದು ಕಡೆ ಊರ ಮಾರಿಯಮ್ಮನ ಹಬ್ಬ. ಅಲ್ಲಿ ಅದೇ ಹುಡುಗ ಕೊರತಿಯ ವೇಷ ಹಾಕಿದಾಗ ಥೇಟ್ ಹೆಣ್ಣೇ ಎಂದು ಜನ ಕೊಂಡಾಡುತ್ತಾರೆ. ಊರು ಅದೇ, ಮೈ ಅದೇ, ನೋಡುವ ಕಣ್ಣುಗಳೂ ಬಹುಮಟ್ಟಿಗೆ ಅವೇ.

ಹಬ್ಬದ ಈ ಸಲುಗೆಯನ್ನು ಜಾನಪದ ವಿದ್ವಾಂಸರು 'ಸಮುದಾಯದ ಒಪ್ಪಿಗೆ' ಎಂದು ಓದಿದ್ದುಂಟು. ಬಯಲಾಟದ ಸ್ತ್ರೀವೇಷಧಾರಿಗೆ ಸಿಗುವ ಮನ್ನಣೆಯನ್ನೂ ಈ ಮಾತಿಗೆ ಸಾಕ್ಷಿಯಾಗಿ ತರಲಾಗುತ್ತದೆ. ನನಗೆ ಈ ಓದು ಒಪ್ಪಿತವಲ್ಲ. ಊರು ಮೆಚ್ಚಿದ್ದು ಕಳಚಿಡಬಹುದಾದ ವೇಷವನ್ನು. ಬಣ್ಣ ಒರೆಸಿದ ಮೇಲೂ ನಡಿಗೆ ಬದಲಾಗದಿದ್ದರೆ ಹೊಗಳಿದ ಬಾಯಿಯೇ ಬೈಯುತ್ತದೆ. ಹೀಗಿರುವಾಗ ಜಾತ್ರೆಯ ಒಂದು ರಾತ್ರಿಯನ್ನು ಆಧಾರವಾಗಿಟ್ಟುಕೊಂಡು ವರ್ಷದ ಉಳಿದ ದಿನಗಳ ಬಗ್ಗೆ ತೀರ್ಪು ಕೊಡುವುದು ಶಾಸ್ತ್ರೀಯವಲ್ಲ.

ಬೈಗುಳದ ವಿಷಯಕ್ಕೆ ಬಂದರೆ ನಮ್ಮ ಮೌನ ಇನ್ನೂ ವಿಚಿತ್ರವಾದುದು. ಅಡ್ಡಹೆಸರು, ಅಣಕು ಪದ, ಛೇಡಿಸುವ ಪ್ರಾಸ ಇವು ಮಕ್ಕಳ ಜಾನಪದದ ಅತ್ಯಂತ ಜೀವಂತ ಪ್ರಕಾರಗಳು. ಇಂಗ್ಲೆಂಡಿನಲ್ಲಿ ಓಪಿ ದಂಪತಿಗಳು 1959ರಷ್ಟು ಹಿಂದೆಯೇ ಶಾಲಾಮಕ್ಕಳ ನುಡಿಯನ್ನು ಸಂಗ್ರಹಿಸುವಾಗ ಹಂಗಿಸುವ ಮಾತುಗಳಿಗೂ ಜಾಗ ಕೊಟ್ಟರು. ನಾನು ನೋಡಿರುವ ಕನ್ನಡದ ಶಿಶುಪ್ರಾಸ ಸಂಕಲನಗಳಲ್ಲಿ ಮಳೆರಾಯನಿದ್ದಾನೆ, ಚಂದಮಾಮನಿದ್ದಾನೆ. 'ಹೆಣ್ಣಿಗ' ಇಲ್ಲ, 'ಚಕ್ಕಾ' ಇಲ್ಲ, 'ಗಂಡುಬೀರಿ' ಇಲ್ಲ. ಸಂಗ್ರಾಹಕರ ಮರ್ಯಾದೆ ದೊಡ್ಡದಿರಬಹುದು, ಆದರೆ ಆಟದ ಬಯಲಿನಲ್ಲಿ ಅದು ಯಾರನ್ನೂ ಕಾಪಾಡಿಲ್ಲ.

ಬೈಗುಳ ಹುಟ್ಟುವುದು ಬೀದಿಯಲ್ಲಿ ಮಾತ್ರ ಎಂದುಕೊಳ್ಳುವಂತೆಯೂ ಇಲ್ಲ. ಕ್ಷೇತ್ರಕಾರ್ಯದಲ್ಲಿ ನನ್ನೊಡನೆ ಮಾತನಾಡಿದ ಕೆಲವರು ಬೇರೆ ಬೇರೆಯಾಗಿ ನೆನೆದದ್ದು ವ್ಯಾಕರಣದ ತರಗತಿಯನ್ನು. ಪುಲ್ಲಿಂಗ, ಸ್ತ್ರೀಲಿಂಗ ಮುಗಿದು ಮೇಷ್ಟ್ರು 'ನಪುಂಸಕಲಿಂಗ' ಎಂದೊಡನೆ ಇಡೀ ತರಗತಿ ಒಬ್ಬನ ಕಡೆ ತಿರುಗುತ್ತದೆ. ಕಲ್ಲು, ಮರ, ಹಲಗೆಗಳ ಸಾಲಿಗೆ ಆ ಮಗುವೂ ಸೇರುತ್ತದೆ. ಮಹಾಭಾರತದ ಪಾಠ ಬಂದಾಗ ಶಿಖಂಡಿ, ಬೃಹನ್ನಳೆ ಎಂಬ ಹೆಸರುಗಳು ಸಿದ್ಧವಾಗಿರುತ್ತವೆ. ವಿರಾಟನಗರದಲ್ಲಿ ಬೃಹನ್ನಳೆ ನಾಟ್ಯಗುರುವಾಗಿದ್ದಳು, ಉತ್ತರನ ರಥ ನಡೆಸಿದಳು ಎಂಬುದು ಅದೇ ಪಾಠದಲ್ಲಿ ಇರುತ್ತದೆ; ಮಕ್ಕಳು ಎತ್ತಿಕೊಳ್ಳುವುದು ಹೆಸರನ್ನು ಮಾತ್ರ. ಪಾಠ ಹೇಳುವವರು ಅಲ್ಲಿ ಒಂದು ಕ್ಷಣ ನಿಂತರೆ ಸಾಕಿತ್ತು. ನಿಂತವರ ನೆನಪನ್ನು ಯಾರೂ ನನ್ನಲ್ಲಿ ಹೇಳಲಿಲ್ಲ.

ಅಂಕಿಅಂಶಗಳು ಈ ನೆನಪುಗಳನ್ನು ಬೆಂಬಲಿಸುತ್ತವೆ. 2011ರ ಜನಗಣತಿಯಲ್ಲಿ 'ಇತರೆ' ಎಂದು ನಮೂದಾದವರ ಸಾಕ್ಷರತೆ ಶೇಕಡಾ 56ರಷ್ಟಿತ್ತು. ದೇಶದ ಸರಾಸರಿ ಆಗ ಶೇಕಡಾ 74ರ ಆಸುಪಾಸಿನಲ್ಲಿತ್ತು. ತಮಿಳುನಾಡಿನಲ್ಲಿ ನಡೆದು 2019ರಲ್ಲಿ ಯುನೆಸ್ಕೋ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಅನುಭವ ಹೇಳಿಕೊಂಡ ಯುವಜನರಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಶಾಲೆ ಬಿಡಲು ಈ ಹಿಂಸೆಯೇ ಮುಖ್ಯ ಕಾರಣವೆಂದಿದ್ದಾರೆ.

ಹಾಗಾದರೆ 'ದೇವಿ ಕರೆದಳು' ಎಂಬ ನಿರೂಪಣೆಯನ್ನು ಶಾಲೆಯಿಂದ ಹೊರಬಿದ್ದುದರ ಇನ್ನೊಂದು ಹೆಸರೆಂದು ಓದಬೇಕೆ? ಅಷ್ಟು ಸರಳವಾಗಿ ಹೇಳಲಾಗದು. ಅದು ನಂಬಿಕೆಯನ್ನು ಹಗುರಾಗಿಸಿದಂತಾಗುತ್ತದೆ. ಆ ನಂಬಿಕೆಯಿಂದಲೇ ಬದುಕು ಕಟ್ಟಿಕೊಂಡವರಿಗೆ ಅಪಚಾರವೂ ಹೌದು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಕಲೆಯನ್ನು ಶಾಲೆಯ ನೋವಿನ ಪರಿಣಾಮವೆಂದು ಕುಗ್ಗಿಸಿ ಹೇಳುವ ಅಧಿಕಾರ ಯಾವ ವಿಮರ್ಶಕನಿಗೂ ಇಲ್ಲ. ದೇವಿಯ ಕರೆ ಮತ್ತು ಶಾಲೆಯ ತಳ್ಳುವಿಕೆ ಎರಡೂ ಒಂದೇ ವಯಸ್ಸಿನಲ್ಲಿ ಬಂದು ತಾಗುತ್ತವೆ. ನಾವು ಮೊದಲನೆಯದನ್ನು ಮಾತ್ರ ಬರೆದುಕೊಂಡಿದ್ದೇವೆ ಎಂಬುದಷ್ಟೇ ನನ್ನ ವಾದ.

ಕರೆಯೇ ಬಾರದವರ ಪ್ರಶ್ನೆ ಇದಕ್ಕಿಂತ ತೊಡಕಿನದು. ಗಂಡನ್ನೇ ಮೆಚ್ಚುವ ಗಂಡುಹುಡುಗ, ಹೆಣ್ಣನ್ನು ಮೆಚ್ಚುವ ಹುಡುಗಿ, ತಾನು ಗಂಡೆಂದು ಒಳಗೊಳಗೇ ತಿಳಿದ ಹೆಣ್ಣುಮಗು ಇವರು ಅದೇ ಬೆಂಚಿನಲ್ಲಿ ಅದೇ ಮಾತು ಕೇಳಿಸಿಕೊಂಡವರು. ಇವರಿಗೆ ಗುಡ್ಡವಿಲ್ಲ, ಪಡಲಗಿಯಿಲ್ಲ, ಚೌಡಿಕೆಯಿಲ್ಲ. ಆಚರಣೆಯಲ್ಲಿ ಸ್ಥಾನವಿಲ್ಲದ ಕಾರಣ ಜಾನಪದ ಕೋಶಗಳಲ್ಲೂ ಇವರಿಗೆ ನಮೂದಿಲ್ಲ. 'ಗಂಡುಬೀರಿ' ಎಂದು ಕರೆಸಿಕೊಂಡ ಹುಡುಗಿಗೆ ಶಾಲೆಯ ನಂತರ ಕಾದಿರುತ್ತಿದ್ದುದು ಬಹುಪಾಲು ಬೇಗನೆ ಗೊತ್ತಾಗುವ ಮದುವೆ. ಅವಳ ಕಥೆಯನ್ನು ಸಂಪಾದಿಸುವ ಕೆಲಸ ಕನ್ನಡ ಜಾನಪದದಲ್ಲಿ ಇನ್ನೂ ಆಗಬೇಕಾಗಿದೆ. ಅದಕ್ಕೆ ಜಾತ್ರೆಯ ಮಾಳದಷ್ಟೇ ಊರ ಶಾಲೆಯ ದಾಖಲಾತಿ ಪುಸ್ತಕವನ್ನೂ, ನಡುವೆ ಬಿಟ್ಟುಹೋದವರ ಹೆಸರಿನ ಮುಂದಿನ ಷರಾ ಕಾಲಮನ್ನೂ ತೆರೆದು ನೋಡಬೇಕಾಗುತ್ತದೆ.