ಬಾಣಲೆ ಎಣ್ಣೆ, ಟ್ಯಾಂಕರ್ ನೀರು, ಹೋಟೆಲಿನ ಗಲ್ಲಾ

ಗುಣಮಟ್ಟವನ್ನೂ ಪರಿಸರವನ್ನೂ ನೋಡಿಕೊಂಡ ಹೋಟೆಲಿಗೆ ಲಾಭ ತಾನಾಗಿ ಹಿಂಬಾಲಿಸುತ್ತದೆ ಎನ್ನುವುದು ಮ್ಯಾನೇಜ್‌ಮೆಂಟ್ ಪಂಡಿತರ ನಂಬಿಕೆ. ಸ್ಪೇನ್‌ನ ಅಲಿಕಾಂಟೆ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ದೇಶದ ಸ್ಟಾರ್ ಹೋಟೆಲುಗಳನ್ನು ಅಧ್ಯಯನ ಮಾಡಿ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಾರೆ: ಖರ್ಚೂ ಇಳಿಯುತ್ತದೆ, ಹೆಸರೂ ಬರುತ್ತದೆ. ಚೆನ್ನಾಗಿ ನಡೆಯುವ ಹೋಟೆಲಿನವರ ಕೈಯಲ್ಲಷ್ಟೇ ಗುಣಮಟ್ಟದ ಐಎಸ್‌ಒ ಸರ್ಟಿಫಿಕೇಟಿಗೆ ಕಾಸಿರುತ್ತದೆ, ಅಂದರೆ ಲಾಭವೇ ಮೊದಲು ಬರುತ್ತದೆ ಎಂಬ ಗುಮಾನಿ ನನಗಿದೆ. ಅದು ಹಾಗಿರಲಿ. ಸ್ಪೇನಿನ ವಾದವನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರಿಗೆ ತಂದರೆ ಅರ್ಧ ಮಾತ್ರ ನಿಲ್ಲುತ್ತದೆ.

ಮೊದಲ ತೊಡಕು ನೀರಿನದು. ರಾಜ್ಯದಲ್ಲೇ ಮಳೆ ತೀರಾ ಕಡಿಮೆ ಬೀಳುವ ಸೀಮೆ ಇದು. ಕೊಳವೆಬಾವಿ ಕೊರೆದರೆ ಫ್ಲೋರೈಡ್‌ನ ಕಾಟ. ಟ್ಯಾಂಕರಿಗೆ ದುಡ್ಡು ಕೊಡುವ ಮಾಲೀಕ ತಟ್ಟೆ ತೊಳೆಯಲು ಲೆಕ್ಕ ಹಾಕುತ್ತಾನೆ. ಸ್ಟೀಲ್ ತಟ್ಟೆಯ ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಿಸಿ ಚಿತ್ರಾನ್ನ. ತಿಂದಾದ ಮೇಲೆ ಹಾಳೆ ಮಡಚಿ ಬುಟ್ಟಿಗೆ, ತಟ್ಟೆ ಮುಂದಿನ ಗಿರಾಕಿಗೆ. ನೀರು ಉಳಿಯಿತು, ನೋಡುವುದಕ್ಕೆ ಶುಚಿಯೂ ಆಯಿತು, ಕಸ ಮಾತ್ರ ಚರಂಡಿ ಸೇರಿತು. ಸ್ಪೇನಿನಲ್ಲಿ ಕೈ ಹಿಡಿದು ನಡೆದ ಗುಣಮಟ್ಟ, ಪರಿಸರಗಳು ಇಲ್ಲಿ ಒಂದರ ಜುಟ್ಟು ಒಂದು ಹಿಡಿದಿವೆ. ಪ್ಲಾಸ್ಟಿಕ್ ಹಾಳೆ, ಲೋಟಗಳಿಗೆ ರಾಜ್ಯ ಸರ್ಕಾರ 2016ರಲ್ಲೇ ನಿಷೇಧ ಹೇರಿತು. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸಬಾರದೆಂದು 2025ರಲ್ಲಿ ಮತ್ತೆ ಹೇಳಬೇಕಾಯಿತು. ನೀರಿನ ಮಾತೆತ್ತದೆ ಹಾಳೆಯನ್ನಷ್ಟೇ ನಿಷೇಧಿಸಿದರೆ ಹೀಗೇ ಆಗುವುದು. ಹಾಳೆಯ ಬದಲು ತಟ್ಟೆಗೆ ಮುತ್ತುಗದ ಎಲೆ ಹಾಸಬಹುದು; ಅದು ನಮಗೇನು ಹೊಸದೇ?

ಎರಡನೆಯದು ಎಣ್ಣೆ. ಶೇಂಗಾ ಮಿಲ್ಲುಗಳಿಂದ ಎಣ್ಣೆ ನಗರಿ ಎನಿಸಿಕೊಂಡ ಚಳ್ಳಕೆರೆಯಲ್ಲಿ ಮಿರ್ಚಿ ಬಜ್ಜಿ ಕರಿಯುವ ಎಣ್ಣೆ ಕಪ್ಪಾಗಿದ್ದರೆ ಅದಕ್ಕಿಂತ ನಾಚಿಕೆಗೇಡು ಇನ್ನೇನಿದೆ! ಎಣ್ಣೆ ಕಾದೂ ಕಾದೂ ಕೆಟ್ಟಾಗ ಅದರಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ಮೀರಬಾರದು ಎಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಆದರೆ ಎಣ್ಣೆಯ ಲೆಕ್ಕ ಬರೆದಿಡಬೇಕಾದವರು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಬಳಸುವವರು ಮಾತ್ರ. ಸಂಜೆಯ ಬಜ್ಜಿ ಗಾಡಿಯವನು ಆ ಲೆಕ್ಕಕ್ಕೇ ಬರುವುದಿಲ್ಲ. ಬಾಣಲೆಯಲ್ಲಿ ನೊರೆ ಎದ್ದು, ಹೊಗೆ ಕಣ್ಣಿಗೆ ಚುಚ್ಚಿದರೂ ನಿನ್ನೆಯ ಎಣ್ಣೆಗೆ ಇವತ್ತಿನದು ಬೆರೆಯುತ್ತದೆ.

ಹಾಗಾದರೆ ಒಳ್ಳೆಯ ಎಣ್ಣೆಗೆ ಗಲ್ಲಾ ತುಂಬುತ್ತದೆಯೇ? ಗಿರಾಕಿ ಮತ್ತೆ ಬರುವವನಾದರೆ, ಹೌದು. ಮೊಳಕಾಲ್ಮುರು ಪೇಟೆಯ ಹೋಟೆಲಿಗೆ ಮಗ್ಗದವರು, ರೇಷ್ಮೆ ಸೀರೆ ವ್ಯಾಪಾರಿಗಳು, ಕಚೇರಿ ನೌಕರರು ಮತ್ತೆ ಮತ್ತೆ ಬರುತ್ತಾರೆ. ಚಟ್ನಿ ಹಳಸಿದ್ದು ಬೆಳಿಗ್ಗೆ ಗೊತ್ತಾದರೆ ಸಂಜೆಯೊಳಗೆ ಊರಿಗೇ ಗೊತ್ತು. ಹಿರಿಯೂರಿನಿಂದ ಚಳ್ಳಕೆರೆ, ಹಾನಗಲ್, ರಾಂಪುರ ಹಾದು ಬಳ್ಳಾರಿಗೆ ಹೋಗುವ ಹೆದ್ದಾರಿಯ ಕತೆ ಬೇರೆ. ದೂರದ ಬಸ್ಸುಗಳು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವನು ಡ್ರೈವರ್. ಅವನಿಗೆ ಪುಕ್ಕಟೆ ಊಟ ಹಾಕಿದರೆ ಬಸ್ಸಿನ ತುಂಬ ಜನ ಇಳಿಯುತ್ತಾರೆ, ಅವರು ಮತ್ತೆ ಬರುವುದು ಅನುಮಾನ. ಅಂಥ ಕಡೆ ಗುಣಮಟ್ಟಕ್ಕೂ ವ್ಯಾಪಾರಕ್ಕೂ ನಂಟೇ ಇಲ್ಲ. ಸ್ಪೇನಿನ ಸಿದ್ಧಾಂತ ಮುಗ್ಗರಿಸುವುದು ಇಲ್ಲೇ: ಹೋಟೆಲನ್ನು ಆರಿಸುವವನು ಗಿರಾಕಿಯೇ ಎಂದು ಅದು ನಂಬಿದೆ.

ಹೆದ್ದಾರಿಯ ಹೋಟೆಲುಗಳನ್ನು ಮಾರುಕಟ್ಟೆ ತಿದ್ದುವುದಿಲ್ಲ. ಆಹಾರ ಸುರಕ್ಷತಾ ಅಧಿಕಾರಿಗಳೇ ಬಾಣಲೆಯ ಮುಂದೆ ನಿಂತು ಎಣ್ಣೆ ಪರೀಕ್ಷಿಸಬೇಕು. ಗಾಡಿಯವರಿಗೆ ದಂಡ ಹಾಕುವ ಮೊದಲು, ಅವರ ಹಳೆಯ ಎಣ್ಣೆಯನ್ನು ಬಯೋಡೀಸೆಲ್‌ಗೆ ಕೊಂಡುಕೊಳ್ಳುವ ವ್ಯವಸ್ಥೆಯನ್ನು ನಗರಸಭೆ, ಪಟ್ಟಣ ಪಂಚಾಯಿತಿಗಳು ಮಾಡಲಿ.